ಕಿಡ್ನಿ ಕಲ್ಲಿನ ನೋವು: ಮುಂಬೈ ವಾರ್ಡುಗಳ ಕನ್ನಡ ನರ್ಸ್‌ಗಳಿಗೆ ಒಂದು ಮಾರ್ಗದರ್ಶಿ

ಮಳೆಗಾಲ ಮುಗಿದು ಅಕ್ಟೋಬರ್ ಬಿಸಿಲು ಏರತೊಡಗಿದರೆ ಮುಂಬೈಯ ಆಸ್ಪತ್ರೆಗಳಿಗೆ ಸೊಂಟ ಹಿಡಿದುಕೊಂಡು ಬರುವವರು ಹೆಚ್ಚುತ್ತಾರೆ. ಅವರಲ್ಲಿ ನಮ್ಮವರು ಕಡಿಮೆಯೇನಲ್ಲ. ಹೋಟೆಲಿನ ದೋಸೆ ಕಾವಲಿಯ ಮುಂದೆ ದಿನವಿಡೀ ನಿಂತು ಬೆವರು ಹರಿಸುವ ಕುಂದಾಪುರ, ಕಾರ್ಕಳದ ಅಡುಗೆಯವರು, ಕಟ್ಟಡ ಕೆಲಸಕ್ಕೆ ಬಂದ ವಿಜಯಪುರ, ಕಲಬುರಗಿಯ ಕೂಲಿಕಾರರು, ದಾರಿಯಲ್ಲಿ ಶೌಚಾಲಯ ಸಿಗದೆಂಬ ಭಯಕ್ಕೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿದಾಗಿನಿಂದ ಸಂಜೆ ಮನೆ ಸೇರುವವರೆಗೆ ನೀರನ್ನೇ ಮುಟ್ಟದ ಹೆಣ್ಣುಮಕ್ಕಳು. ಬೆವರು ಹೆಚ್ಚು, ಕುಡಿಯುವ ನೀರು ಕಡಿಮೆ. ಮೂತ್ರ ಗಟ್ಟಿಯಾಗುತ್ತದೆ, ಅದರೊಳಗಿನ ಲವಣಗಳು ಹರಳುಗಟ್ಟುತ್ತವೆ.

ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಂದ ಬಂದು ಈ ಊರಿನ ವಾರ್ಡುಗಳಲ್ಲಿ ಹೊಸದಾಗಿ ಸೇರಿಕೊಂಡ ತಂಗಿಯರಿಗೂ ತಮ್ಮಂದಿರಿಗೂ ಇದನ್ನು ಬರೆಯುತ್ತಿದ್ದೇನೆ. ಔಷಧ, ಪ್ರಮಾಣ, ಕೊಡುವ ದಾರಿ (ಬಾಯಿ, ಸ್ನಾಯು, ರಕ್ತನಾಳ) ಎಲ್ಲವೂ ವೈದ್ಯರ ಆದೇಶದಂತೆ, ನಿಮ್ಮ ಆಸ್ಪತ್ರೆಯ ನಿಯಮದಂತೆಯೇ ನಡೆಯಬೇಕು. ಆದರೆ ನೋವು ಎಷ್ಟಿದೆ, ಎಲ್ಲಿದೆ, ಮದ್ದು ಕೊಟ್ಟ ಮೇಲೆ ಎಷ್ಟು ಇಳಿಯಿತು ಎಂಬುದನ್ನು ಗಮನಿಸುವ ಹೊಣೆ ನಮ್ಮದು. ವೈದ್ಯರು ಬಂದು ಹೋಗುತ್ತಾರೆ, ಹಾಸಿಗೆಯ ಪಕ್ಕದಲ್ಲಿ ಉಳಿಯುವವರು ನಾವು. ನೋವಿನ ಅಂಕಿಯನ್ನು ಒಮ್ಮೆ ಬರೆದು, ಇಂಜೆಕ್ಷನ್ ಕೊಟ್ಟು, ಮತ್ತೆ ಅತ್ತ ತಿರುಗಿ ನೋಡದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಮೊದಲ ಹೆಜ್ಜೆ: ಕಣ್ಣು ಮತ್ತು ಥರ್ಮಾಮೀಟರ್

ರೋಗಿ ಒಳಗೆ ಬರುವಾಗಲೇ ಗಮನಿಸಿ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು ಒಂದು ಕಡೆ ಕೂರಲಾರರು. ಏಳುತ್ತಾರೆ, ನಡೆಯುತ್ತಾರೆ, ಮಂಡಿಯೂರುತ್ತಾರೆ, ಹಾಸಿಗೆಯ ಕಂಬಿ ಹಿಡಿದು ಬಾಗುತ್ತಾರೆ. ಯಾವ ಭಂಗಿಯಲ್ಲೂ ಸಮಾಧಾನವಿಲ್ಲ. ಅದಕ್ಕೆ ಬದಲಾಗಿ ರೋಗಿ ಅಲುಗಾಡದೆ, ಉಸಿರನ್ನೂ ಅಂಜಿ ಅಂಜಿ ಎಳೆಯುತ್ತ ಮಲಗಿದ್ದರೆ, ಹೊಟ್ಟೆ ಗಟ್ಟಿಯಾಗಿದ್ದರೆ, ಅದು ಕಲ್ಲಿನ ನೋವಲ್ಲದೆ ಹೊಟ್ಟೆಯೊಳಗಿನ ಸೋಂಕು ಇರಬಹುದು. ಆ ವ್ಯತ್ಯಾಸವನ್ನು ವೈದ್ಯರಿಗೆ ಕೂಡಲೇ ಹೇಳಿ.

ನಂತರ ಪಲ್ಸ್, ಬಿ.ಪಿ., ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ದೇಹದ ಉಷ್ಣತೆ. ನೋವಿನಿಂದಲೇ ಪಲ್ಸ್ ಮತ್ತು ಬಿ.ಪಿ. ಏರಿರುವುದು ಸಾಮಾನ್ಯ. ಉಷ್ಣತೆಯ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ: ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ಅದನ್ನು ಅಳೆದು ಬರೆಯಿರಿ. ಡೈಕ್ಲೊಫೆನಾಕ್ ಆಗಲಿ ಪ್ಯಾರಾಸಿಟಮಾಲ್ ಆಗಲಿ ನೋವಿನ ಜೊತೆ ಜ್ವರವನ್ನೂ ಇಳಿಸುತ್ತದೆ. ಮದ್ದು ಕೊಟ್ಟು ಒಂದು ತಾಸಿನ ನಂತರ ಅಳೆದು ಜ್ವರವಿಲ್ಲ ಎಂದು ಬರೆದರೆ, ಬಹಳ ದೊಡ್ಡ ಅಪಾಯದ ಸುಳಿವು ಕೈತಪ್ಪಿ ಹೋಗಬಹುದು.

ಎರಡನೆಯ ಹೆಜ್ಜೆ: ನೋವನ್ನು ಅವರ ಮಾತಿನಲ್ಲೇ ಕೇಳುವುದು

ಧಾರಾವಿಗೆ ಹತ್ತಿರದ ಸಯನ್ ಆಸ್ಪತ್ರೆಯಾಗಲಿ, ಪರೇಲಿನ ಕೆ.ಇ.ಎಂ. ಆಗಲಿ, ಮುಂಬೈ ಸೆಂಟ್ರಲ್‌ನ ನಾಯರ್ ಆಗಲಿ, ಇಂಥ ಪಾಲಿಕೆ ಆಸ್ಪತ್ರೆಗಳಿಗೆ ಬರುವ ಕನ್ನಡಿಗರಲ್ಲಿ ಅನೇಕರಿಗೆ ಮರಾಠಿ, ಹಿಂದಿ ಕೆಲಸಕ್ಕೆ ಬೇಕಾದಷ್ಟು ಬರುತ್ತದೆ, ನೋವನ್ನು ಹೇಳುವಷ್ಟು ಬರುವುದಿಲ್ಲ. ಉತ್ತರ ಕರ್ನಾಟಕದವರು ಟೊಂಕ ಎನ್ನುತ್ತಾರೆ, ಕರಾವಳಿಯವರು ಸೊಂಟ ಎನ್ನುತ್ತಾರೆ. ಇಬ್ಬರೂ ತೋರಿಸುವ ಜಾಗ ಒಂದೇ ಆಗಿರಬೇಕಿಲ್ಲ, ಆದ್ದರಿಂದ ಒಂದು ಬೆರಳಿನಿಂದ ಮುಟ್ಟಿ ತೋರಿಸಲು ಹೇಳಿ. ರೆಸಿಡೆಂಟ್ ಡಾಕ್ಟರಿಗೆ ನೀವೇ ಅನುವಾದಿಸಬೇಕಾಗಿ ಬಂದರೆ ರೋಗಿಯ ಮಾತನ್ನು ಪೂರ್ತಿಯಾಗಿ ದಾಟಿಸಿ. "ಎರಡು ದಿನದಿಂದ ಹನಿ ಹನಿ ಬರುತ್ತಿದೆ, ಚಳಿ ಹಿಡಿಯಿತು" ಎಂದದ್ದನ್ನು "ಪಥರಿಯ (ಕಲ್ಲಿನ) ನೋವು" ಎಂದು ಮೊಟಕು ಮಾಡಿದರೆ ಚಳಿಯ ಸಂಗತಿಯೇ ಬಿಟ್ಟುಹೋಗುತ್ತದೆ.

ಕೇಳಬೇಕಾದದ್ದು ಹೀಗೆ. ನೋವು ಯಾವಾಗ ಶುರುವಾಯಿತು, ಒಮ್ಮೆಲೇ ಬಂತೇ, ಮೆಲ್ಲಗೆ ಏರಿತೇ? ಎಲ್ಲಿಂದ ಎಲ್ಲಿಗೆ ಹರಿಯುತ್ತದೆ? ಅಲೆಯಂತೆ ಬಂದು ಹೋಗುತ್ತದೆಯೇ? ವಾಂತಿ ಇದೆಯೇ? ಮೂತ್ರದ ಬಣ್ಣ ಏನು, ಉರಿ ಇದೆಯೇ, ಕೊನೆಯ ಸಲ ಮೂತ್ರ ಹೋಗಿದ್ದು ಯಾವಾಗ? ಹಿಂದೆ ಕಲ್ಲು ಆಗಿತ್ತೇ, ಮನೆಯಲ್ಲಿ ಬೇರೆ ಯಾರಿಗಾದರೂ ಆಗಿತ್ತೇ?

ನೋವಿನ ಜಾಗ ಕಲ್ಲಿನ ಜಾಗದ ಸುಳಿವು ಕೊಡುತ್ತದೆ. ಕಲ್ಲು ಮೇಲುಭಾಗದಲ್ಲಿದ್ದರೆ ಪಕ್ಕೆಲುಬಿನ ಕೆಳಗೆ ಬೆನ್ನಿನ ಬದಿಯಲ್ಲಿ ನೋವು. ನಡುವೆ ಇದ್ದರೆ ಹೊಟ್ಟೆಯ ಮುಂಭಾಗಕ್ಕೆ ಬರುತ್ತದೆ, ಬಲಗಡೆಯಾದರೆ ಅಪೆಂಡಿಕ್ಸ್ ನೋವನ್ನು ಹೋಲುತ್ತದೆ. ಕೆಳಗಿಳಿದರೆ ತೊಡೆಸಂದಿಗೆ, ಗಂಡಸರಲ್ಲಿ ವೃಷಣಕ್ಕೆ, ಹೆಂಗಸರಲ್ಲಿ ಯೋನಿಯ ಹೊರತುಟಿಗೆ ಹಬ್ಬುತ್ತದೆ. ಮೂತ್ರಕೋಶದ ಬಾಗಿಲಿಗೆ ಬಂದು ನಿಂತರೆ ಮತ್ತೆ ಮತ್ತೆ ಅವಸರ, ಹೋದರೆ ನಾಲ್ಕು ಹನಿ. ವೃಷಣದ ನೋವು ಎಂದು ಹೇಳಲು ನಾಚಿ ಹೊಟ್ಟೆ ನೋವು ಎಂದಷ್ಟೇ ಹೇಳುವ ಹುಡುಗರಿದ್ದಾರೆ. ಪರದೆ ಎಳೆದು, ಸಂಬಂಧಿಕರನ್ನು ಹೊರಗೆ ಕಳಿಸಿ, ನೇರವಾಗಿ ಕೇಳಿ. ಹದಿಹರೆಯದವರಲ್ಲಿ ವೃಷಣ ತಿರುಚಿಕೊಂಡಿದ್ದರೆ ಅದು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಬೇಡುವ ಸ್ಥಿತಿ.

ಈಗ ಅಂಕಿ. ನೋವೇ ಇಲ್ಲದಿದ್ದರೆ 0, ಇದಕ್ಕಿಂತ ಹೆಚ್ಚಿನ ನೋವು ಇರಲಾರದು ಎನ್ನುವಂತಿದ್ದರೆ 10. ಅಂಕಿ ಹೇಳಲು ಕಷ್ಟವಾದರೆ ಸ್ವಲ್ಪ, ಸಾಧಾರಣ, ಬಹಳ, ತಡೆಯಲಾಗದು ಎಂದು ಕೇಳಿ. ಮಕ್ಕಳಿಗೆ ಮುಖಗಳ ಚಿತ್ರ ತೋರಿಸಿ. ಇನ್ನೂ ಚಿಕ್ಕವರಾದರೆ ಮುಖ, ಕಾಲು, ಚಲನೆ, ಅಳು, ಸಮಾಧಾನಕ್ಕೆ ಒಲಿಯುವಿಕೆ ಈ ಐದನ್ನು ನೋಡಿ ಅಂಕಿ ಕೊಡುವ ಫ್ಲ್ಯಾಕ್ ಮಾಪನ ಬಳಸಿ. ಕಲ್ಲಿನ ನೋವಿನಲ್ಲಿ ಎರಡು ಅಂಕಿ ಬೇಕು: ಈಗ ಎಷ್ಟು, ಅಲೆ ಏರಿದಾಗ ಎಷ್ಟು. ಎರಡು ಅಲೆಗಳ ನಡುವೆ ರೋಗಿ ಮೊಬೈಲ್ ನೋಡುತ್ತ ಕುಳಿತಿರಬಹುದು. ಅದನ್ನು ಕಂಡು ನಾಟಕ ಎನ್ನುವವರನ್ನು ನಾನು ಅನೇಕ ಸಲ ಕೇಳಿದ್ದೇನೆ, ಪ್ರತಿ ಸಲವೂ ಮನಸ್ಸು ಕುದಿಯುತ್ತದೆ. ಹತ್ತು ನಿಮಿಷದ ಕೆಳಗೆ ಅದೇ ಮನುಷ್ಯ ನೆಲದ ಮೇಲೆ ಹೊರಳುತ್ತಿದ್ದ ಎಂಬುದು ಅವರಿಗೆ ಗೊತ್ತಿಲ್ಲ.

ಹಾಗೆಯೇ ಕಡಿಮೆ ಹೇಳುವವರೂ ಇದ್ದಾರೆ. ಭರ್ತಿ ಮಾಡಿಕೊಂಡರೆ ದಿನಗೂಲಿ ಹೋಗುತ್ತದೆ ಎಂದು ಹಲ್ಲು ಕಚ್ಚುವ ಅಣ್ಣಂದಿರು, ಹೆರಿಗೆ ನೋವನ್ನೇ ಸಹಿಸಿದ್ದೇನೆ ಇದೇನು ಮಹಾ ಎನ್ನುವ ಅಕ್ಕಂದಿರು. ಅವರ ಬೆವರು, ಬಿಳುಪೇರಿದ ಮುಖ, ಬಿಗಿದ ಮುಷ್ಟಿಯನ್ನೂ ಕೇಸ್ ಪೇಪರಿನಲ್ಲಿ ಬರೆಯಿರಿ. ಆದರೆ ಅಂಕಿಯನ್ನು ನೀವೇ ತಿದ್ದಬೇಡಿ. ರೋಗಿ ಹೇಳಿದ್ದು ಒಂದು, ನೀವು ಕಂಡದ್ದು ಇನ್ನೊಂದು, ಎರಡೂ ದಾಖಲಾಗಲಿ.

ಮೂರನೆಯ ಹೆಜ್ಜೆ: ಸಿರಿಂಜ್ ಎತ್ತುವ ಮುಂಚಿನ ಪ್ರಶ್ನೆಗಳು

ನೋವಿನಲ್ಲಿರುವವರನ್ನು ಕಾಯಿಸಬಾರದು ನಿಜ, ಆದರೆ ಇವನ್ನು ಕೇಳಲು ಎರಡು ನಿಮಿಷ ಸಾಕು. ಯಾವುದಾದರೂ ಔಷಧಕ್ಕೆ ಅಲರ್ಜಿ ಇದೆಯೇ? ನೋವಿನ ಮಾತ್ರೆ ತಿಂದಾಗ ಉಬ್ಬಸ ಬಂದದ್ದಿದೆಯೇ? ಹೊಟ್ಟೆಯ ಹುಣ್ಣು, ರಕ್ತವಾಂತಿ, ಕಪ್ಪು ಮಲ? ಹೃದಯದ ತೊಂದರೆ? ರಕ್ತ ತೆಳುವಾಗಿಸುವ ಮಾತ್ರೆ? ಕಿಡ್ನಿ ಒಂದೇ ಇದೆಯೇ, ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಹೆಚ್ಚಿದೆ ಎಂದು ಯಾರಾದರೂ ಹೇಳಿದ್ದರೇ? ಬರುವ ದಾರಿಯಲ್ಲಿ ಮೆಡಿಕಲ್ ಅಂಗಡಿಯಿಂದ ಯಾವ ಗುಳಿಗೆ ತಿಂದರು, ಎಷ್ಟು ತಿಂದರು? ಈ ಕೊನೆಯ ಪ್ರಶ್ನೆ ನಮ್ಮ ಊರಿನವರಿಗೆ ಬಹಳ ಮುಖ್ಯ. ಬೆಳಗಿನಿಂದ ಎರಡು ಮೂರು ಡೈಕ್ಲೊಫೆನಾಕ್ ಮಾತ್ರೆ ನುಂಗಿ ಬಂದವರಿಗೆ ಅದೇ ಇಂಜೆಕ್ಷನ್ ಕೊಟ್ಟರೆ ದಿನದ ಮಿತಿ ದಾಟಬಹುದು.

ಹೆರುವ ವಯಸ್ಸಿನ ಎಲ್ಲ ಹೆಂಗಸರಲ್ಲೂ ಮುಟ್ಟಿನ ದಿನ ಕೇಳಿ, ಗರ್ಭ ಪರೀಕ್ಷೆಯ ಬಗ್ಗೆ ವೈದ್ಯರಿಗೆ ನೆನಪಿಸಿ. ಗರ್ಭನಾಳದಲ್ಲಿ ಬೆಳೆದ ಗರ್ಭವೂ ಹೀಗೇ ಒಂದು ಬದಿಯ ನೋವಾಗಿ ಬರುತ್ತದೆ. ಗರ್ಭಿಣಿಯಾಗಿದ್ದರೆ ಡೈಕ್ಲೊಫೆನಾಕ್ ಮತ್ತು ಸಿ.ಟಿ. ಸ್ಕ್ಯಾನ್ ಎರಡರ ಯೋಚನೆಯೂ ಬದಲಾಗುತ್ತದೆ. 60 ದಾಟಿದವರಲ್ಲಿ ಜೀವನದಲ್ಲಿ ಮೊದಲ ಸಲ ಇಂಥ ನೋವು ಬಂದಿದ್ದರೆ, ಅದರಲ್ಲೂ ಬಿ.ಪಿ. ಇಳಿದಿದ್ದರೆ, ಹೊಟ್ಟೆಯ ಮಹಾಪಧಮನಿ ಉಬ್ಬಿ ಸೋರುತ್ತಿರಬಹುದು. ಕಲ್ಲು ಎಂದು ಹಣೆಪಟ್ಟಿ ಹಚ್ಚಿ ಮೂಲೆಯ ಹಾಸಿಗೆಗೆ ಕಳಿಸಬೇಡಿ.

ನಾಲ್ಕನೆಯ ಹೆಜ್ಜೆ: ಮದ್ದು, ಅದರ ಕಾರಣ

ಕಲ್ಲು ಮೂತ್ರನಾಳವನ್ನು ಅಡ್ಡಗಟ್ಟಿದಾಗ ಕಿಡ್ನಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಹೆಚ್ಚು ಬಿಡುತ್ತದೆ. ಅದರಿಂದ ಕಿಡ್ನಿಗೆ ರಕ್ತ ಹೆಚ್ಚು ಹರಿಯುತ್ತದೆ, ಮೂತ್ರ ಹೆಚ್ಚು ತಯಾರಾಗುತ್ತದೆ, ಮುಚ್ಚಿದ ದಾರಿಯ ಹಿಂದೆ ಒತ್ತಡ ಏರುತ್ತದೆ, ನಾಳದ ಸ್ನಾಯು ಸೆಟೆದುಕೊಳ್ಳುತ್ತದೆ. ಡೈಕ್ಲೊಫೆನಾಕ್, ಕೆಟೊರೊಲಾಕ್‌ನಂತಹ ಔಷಧಗಳು ಈ ಪ್ರೊಸ್ಟಾಗ್ಲಾಂಡಿನ್‌ಗೇ ಕಡಿವಾಣ ಹಾಕುತ್ತವೆ. ಆದ್ದರಿಂದಲೇ ಅಡ್ಡಿಯಿಲ್ಲದವರಿಗೆ ಇವೇ ಮೊದಲ ಆಯ್ಕೆ. ಮಾರ್ಫಿನ್ ಗುಂಪಿನ ಔಷಧವೇ ದೊಡ್ಡದು, ಇವು ಸಣ್ಣವು ಎಂಬ ಭಾವನೆಯನ್ನು ಬಿಡಿ. ಕಲ್ಲಿನ ನೋವಿಗೆ ಇವು ಅದಕ್ಕೆ ಸರಿಸಮಾನವಾಗಿ ಕೆಲಸ ಮಾಡುತ್ತವೆ, ವಾಂತಿಯೂ ಕಡಿಮೆ.

ವಯಸ್ಕರಿಗೆ ಸಾಮಾನ್ಯವಾಗಿ ಡೈಕ್ಲೊಫೆನಾಕ್ 75 ಮಿಲಿಗ್ರಾಂ ಸ್ನಾಯುವಿಗೆ ಕೊಡುವ ಆದೇಶ ಇರುತ್ತದೆ. ಎಲ್ಲ ದಾರಿಗಳನ್ನೂ ಕೂಡಿಸಿ ದಿನಕ್ಕೆ 150 ಮಿಲಿಗ್ರಾಂ ಮೀರಬಾರದು. ಇದು ಪೃಷ್ಠದ ಆಳದ ಸ್ನಾಯುವಿಗೇ ಹೋಗಬೇಕು. ಕೊಬ್ಬಿನಲ್ಲಿ ನಿಂತರೆ ಗಂಟು, ಬಾವು, ಅಪರೂಪಕ್ಕೆ ಚರ್ಮ ಮತ್ತು ಸ್ನಾಯು ಕೊಳೆಯುವಂಥ ತೊಡಕೂ ಉಂಟಾಗುತ್ತದೆ. ದಪ್ಪ ಮೈಯವರಿಗೆ ಉದ್ದನೆಯ ಸೂಜಿ ಆರಿಸಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸ್ನಾಯುವಿನ ಇಂಜೆಕ್ಷನ್ ಬೇಡವೆಂದು ವೈದ್ಯರಿಗೆ ತಿಳಿಸಿ.

ಕಿಡ್ನಿ ದುರ್ಬಲವಾಗಿದ್ದವರಿಗೆ, ಹುಣ್ಣು ಇದ್ದವರಿಗೆ, ಗರ್ಭಿಣಿಯರಿಗೆ ರಕ್ತನಾಳದ ಮೂಲಕ ಪ್ಯಾರಾಸಿಟಮಾಲ್ ಒಳ್ಳೆಯ ದಾರಿ. 50 ಕಿಲೋಗಿಂತ ಹೆಚ್ಚು ತೂಕದ ವಯಸ್ಕರಿಗೆ 1 ಗ್ರಾಂ, 15 ನಿಮಿಷದಲ್ಲಿ ಇಳಿಯುವಂತೆ. ಅದಕ್ಕಿಂತ ಕಡಿಮೆ ತೂಕದವರಿಗೆ ಕಿಲೋಗೆ 15 ಮಿಲಿಗ್ರಾಂ. ಕಟ್ಟಡ ಕೆಲಸದ ಅನೇಕರು 50 ಕಿಲೋ ಮುಟ್ಟುವುದಿಲ್ಲ. ಕಣ್ಣಂದಾಜು ಬೇಡ, ತೂಕ ಮಾಡಿ.

ಇವೆರಡರಿಂದಲೂ ನೋವು ಇಳಿಯದಿದ್ದರೆ ವೈದ್ಯರು ಟ್ರಮಡಾಲ್ ಅಥವಾ ಮಾರ್ಫಿನ್ ಬರೆಯುತ್ತಾರೆ. ಟ್ರಮಡಾಲ್ ಅನ್ನು ರಭಸದಿಂದ ತಳ್ಳಿದರೆ ವಾಂತಿಯಾಗುವ ಸಂಭವ ಹೆಚ್ಚು, ಆದ್ದರಿಂದ ನಿಧಾನವಾಗಿ ಕೊಡಿ. ಫಿಟ್ಸ್ ಇರುವವರಲ್ಲಿ, ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮೊದಲೇ ವೈದ್ಯರಿಗೆ ತಿಳಿಸಿ. ಈ ಗುಂಪಿನ ಯಾವ ಔಷಧ ಕೊಟ್ಟರೂ ಉಸಿರಾಟದ ಎಣಿಕೆ ಮತ್ತು ಎಚ್ಚರದ ಮಟ್ಟವನ್ನು ನೋಡುತ್ತಿರಬೇಕು. ಮಾತಿನ ನಡುವೆ ತೂಕಡಿಸುವವರು, ನಿಮಿಷಕ್ಕೆ 10ಕ್ಕಿಂತ ಕಡಿಮೆ ಉಸಿರಾಡುವವರು ಕಂಡರೆ ಮುಂದಿನ ಡೋಸ್ ನಿಲ್ಲಿಸಿ, ಆಮ್ಲಜನಕ ಹಚ್ಚಿ, ವೈದ್ಯರನ್ನು ಕರೆಯಿರಿ. ಈ ಔಷಧಗಳ ಪರಿಣಾಮವನ್ನು ಇಳಿಸುವ ನಾಲಾಕ್ಸೋನ್ ಎಲ್ಲಿದೆ ಎಂಬುದು ಡ್ಯೂಟಿ ಶುರುವಾಗುವಾಗಲೇ ತಿಳಿದಿರಲಿ.

ಹೈಯೋಸಿನ್, ಡ್ರೊಟಾವೆರಿನ್‌ನಂತಹ, ಸ್ನಾಯುವಿನ ಸೆಳೆತ ಬಿಡಿಸುವ ಇಂಜೆಕ್ಷನ್‌ಗಳನ್ನು ನಮ್ಮಲ್ಲಿ ಬಹಳ ಬರೆಯುತ್ತಾರೆ. ಡೈಕ್ಲೊಫೆನಾಕ್ ಜೊತೆ ಇವನ್ನು ಸೇರಿಸುವುದರಿಂದ ಹೆಚ್ಚಿನ ಲಾಭವಿಲ್ಲ ಎಂಬುದು ಈಗಿನ ತಿಳಿವಳಿಕೆ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಇವನ್ನು ಕೊಡಬೇಡಿ ಎಂದೇ ಹೇಳಿದೆ. ಆದೇಶವಿದ್ದರೆ ಕೊಡಿ, ಆದರೆ ಹೈಯೋಸಿನ್ ಪಲ್ಸ್ ಏರಿಸುತ್ತದೆ, ಮೂತ್ರ ಕಟ್ಟಿಸುತ್ತದೆ ಎಂಬುದನ್ನು ಮರೆಯಬೇಡಿ.

ಐದನೆಯ ಹೆಜ್ಜೆ: ಮತ್ತೆ ಅಳೆಯುವುದು

ರಕ್ತನಾಳಕ್ಕೆ ಕೊಟ್ಟಿದ್ದರೆ 15ರಿಂದ 30 ನಿಮಿಷದಲ್ಲಿ, ಸ್ನಾಯುವಿಗೆ ಕೊಟ್ಟಿದ್ದರೆ 30ರಿಂದ 60 ನಿಮಿಷದಲ್ಲಿ, ಬಾಯಿಯ ಮೂಲಕವಾದರೆ ಒಂದು ತಾಸಿನಲ್ಲಿ ಅದೇ ಅಳತೆಗೋಲಿನಿಂದ ಮತ್ತೆ ಕೇಳಿ. ಒಂದು ಸಲ ಅಂಕಿ, ಇನ್ನೊಂದು ಸಲ ಮುಖದ ಚಿತ್ರ ಎಂದು ಬದಲಾಯಿಸಿದರೆ ಹೋಲಿಕೆ ಸಾಧ್ಯವಿಲ್ಲ. ದಾಖಲೆ ಹೀಗಿದ್ದರೆ ಸಾಕು: "ರಾತ್ರಿ 2.10, ಎಡ ಬೆನ್ನಿನ ಬದಿಯಿಂದ ತೊಡೆಸಂದಿಗೆ, ಈಗ 6, ಏರಿದಾಗ 9, ಉಷ್ಣತೆ 37.2. 2.15ಕ್ಕೆ ಆದೇಶದಂತೆ ಡೈಕ್ಲೊಫೆನಾಕ್ 75. 2.50ಕ್ಕೆ ಈಗ 2, ಏರಿದಾಗ 4, ವಾಂತಿ ಇಲ್ಲ, ಮಲಗಿದ್ದಾರೆ."

ಒಂದು ವಾರ್ಡಿಗೆ ಇಬ್ಬರೇ ಇರುವ ರಾತ್ರಿಪಾಳಿಯಲ್ಲಿ ಇದು ಸುಲಭವಲ್ಲ, ಬಲ್ಲೆ. ಔಷಧ ಕೊಟ್ಟ ಕೂಡಲೇ ಮರುಭೇಟಿಯ ಸಮಯವನ್ನು ಕೇಸ್ ಪೇಪರಿನ ಅಂಚಿನಲ್ಲಿ ಬರೆದಿಡಿ. ಮಾವಶಿಗೂ (ವಾರ್ಡಿನ ಆಯಾ) ರೋಗಿಯ ಸಂಬಂಧಿಕರಿಗೂ ಹೇಳಿಡಿ: ಅರ್ಧ ತಾಸಿನಲ್ಲಿ ಇಳಿಯದಿದ್ದರೆ ನನ್ನನ್ನು ಕರೆಯಿರಿ, ಸಂಕೋಚ ಬೇಡ.

ಅಂಕಿ ಇಳಿಯದಿದ್ದರೆ ಸುಮ್ಮನಿರಬೇಡಿ. ವೈದ್ಯರನ್ನು ಮತ್ತೆ ಎಬ್ಬಿಸುವುದು ಅಪರಾಧವಲ್ಲ. ಇನ್ನೊಂದು ವಿಷಯ: ನೋವು ಪೂರ್ತಿ ನಿಂತರೆ ಕಲ್ಲು ಹೋಯಿತು ಎಂದು ತಿಳಿಯಬಾರದು. ಕಲ್ಲು ಅಲ್ಲೇ ಕುಳಿತು, ಒತ್ತಡ ಮಾತ್ರ ಕಡಿಮೆಯಾಗಿ, ಸದ್ದಿಲ್ಲದೆ ಕಿಡ್ನಿಗೆ ಹಾನಿಯಾಗುತ್ತಿರಬಹುದು. ಸ್ಕ್ಯಾನ್ ಆಗದೆ ಮನೆಗೆ ಹೊರಟವರನ್ನು ತಡೆದು ಕೂರಿಸಿ.

ಮದ್ದಿನ ಜೊತೆಗೆ

ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಬೆನ್ನಿನ ಬದಿಗೆ ಇಡುವುದು ನಿಜವಾಗಿಯೂ ನೆರವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಲ್ಲಿ ಮಾತ್ರ ಎಚ್ಚರ. ನಡೆಯಬೇಕೆನಿಸಿದವರನ್ನು ನಡೆಯಲು ಬಿಡಿ, ಆದರೆ ಟ್ರಮಡಾಲ್ ಅಥವಾ ಮಾರ್ಫಿನ್ ಕೊಟ್ಟ ಮೇಲೆ ಒಬ್ಬರೇ ಶೌಚಾಲಯಕ್ಕೆ ಹೋಗಬಾರದು. ವಾಂತಿಯಿದ್ದರೆ ಆಂಡಾನ್‌ಸೆಟ್ರಾನ್ ಆದೇಶ ಕೇಳಿ.

ಸಲೈನ್ ಬಗ್ಗೆ ಒಂದು ಮಾತು. ಬಾಟಲಿ ಮೇಲೆ ಬಾಟಲಿ ಓಡಿಸಿದರೆ ಕಲ್ಲು ತಳ್ಳಿಕೊಂಡು ಹೋಗುತ್ತದೆ ಎಂದು ಸಂಬಂಧಿಕರು ಒತ್ತಾಯಿಸುತ್ತಾರೆ. ಹಾಗಾಗುವುದಿಲ್ಲ. ಮುಚ್ಚಿದ ನಾಳದ ಹಿಂದೆ ಮೂತ್ರ ಹೆಚ್ಚಿದರೆ ನೋವೇ ಹೆಚ್ಚಬಹುದು. ವಾಂತಿಯಿಂದ, ಬೆವರಿನಿಂದ ಒಣಗಿದವರಿಗೆ ಬೇಕಾದಷ್ಟು ಕೊಡುವುದು ಸರಿ, ಅದಕ್ಕಿಂತ ಹೆಚ್ಚಲ್ಲ.

ಮೂತ್ರವನ್ನು ಪ್ರತಿ ಸಲ ಅಳೆಯಿರಿ, ಬಣ್ಣ ಬರೆಯಿರಿ. ಗಂಟೆಗೆ ಕಿಲೋ ತೂಕಕ್ಕೆ ಅರ್ಧ ಮಿಲಿಲೀಟರಿಗಿಂತ ಕಡಿಮೆಯಾದರೆ ತಿಳಿಸಿ. ಮೂತ್ರದಲ್ಲಿ ರಕ್ತ ಕಾಣದಿದ್ದರೂ ಕಲ್ಲು ಇರಬಹುದು. ಮುಟ್ಟಾದ ಹೆಂಗಸರ ಮೂತ್ರದ ಮಾದರಿಯ ಚೀಟಿಯಲ್ಲಿ ಮುಟ್ಟಾಗಿರುವುದನ್ನು ಬರೆದೇ ಕಳಿಸಿ. ಗಾಜ್ ಬಟ್ಟೆ ಅಥವಾ ಚಹಾ ಸೋಸುವ ಜರಡಿಯಲ್ಲಿ ಮೂತ್ರ ಸೋಸಲು ಕಲಿಸಿ. ಸಿಕ್ಕ ಹರಳನ್ನು ಒಣ ಡಬ್ಬಿಯಲ್ಲಿ ಪರೀಕ್ಷೆಗೆ ಕೊಡಬೇಕು. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿ ಹೊರಬರುತ್ತವೆ, 10 ದಾಟಿದವು ಸಾಮಾನ್ಯವಾಗಿ ಬರುವುದಿಲ್ಲ. ನಾಳದ ಕೆಳಭಾಗದ ಕಲ್ಲಿಗೆ ನಾಳವನ್ನು ಸಡಿಲಿಸುವ ಟ್ಯಾಮ್‌ಸುಲೋಸಿನ್ ಬರೆದಿದ್ದರೆ ರಾತ್ರಿ ಹಾಸಿಗೆಯಿಂದ ಒಮ್ಮೆಲೇ ಏಳಬಾರದು, ತಲೆ ಸುತ್ತುತ್ತದೆ ಎಂದು ಹೇಳಿ.

ಎಲ್ಲವನ್ನೂ ಬಿಟ್ಟು ಓಡಬೇಕಾದ ಹೊತ್ತು

ಕಲ್ಲಿನ ಜೊತೆ ಜ್ವರ ಬಂದರೆ ಅದು ತುರ್ತು. ಮುಚ್ಚಿದ ಕಿಡ್ನಿಯೊಳಗೆ ಕೀವು ತುಂಬಿ ಸೋಂಕು ರಕ್ತಕ್ಕೆ ಇಳಿಯುತ್ತಿದೆ ಎಂದೇ ಭಾವಿಸಿ. ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಚಳಿನಡುಕ ಬಂದರೆ, ಉಸಿರು ನಿಮಿಷಕ್ಕೆ 22 ಮುಟ್ಟಿದರೆ, ಮೇಲಿನ ಬಿ.ಪಿ. 100ಕ್ಕೆ ಇಳಿದರೆ, ಮಾತು ತಡವರಿಸಿದರೆ ಕೂಡಲೇ ಹಿರಿಯ ವೈದ್ಯರು ಬರಬೇಕು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಜ್ವರವೇ ಇಲ್ಲದೆ ಬರಿಯ ಗೊಂದಲ ಕಾಣಿಸಬಹುದು. ರೋಗಾಣು ಪತ್ತೆಯ ಕಲ್ಚರ್ ಪರೀಕ್ಷೆಗೆ ರಕ್ತ ಮತ್ತು ಮೂತ್ರ ತೆಗೆಯಿರಿ, ಆದೇಶ ಬಂದ ಆ್ಯಂಟಿಬಯಾಟಿಕ್ ಅನ್ನು ಮೊದಲ ತಾಸಿನೊಳಗೆ ಕೊಡಿ. ಆದರೆ ಆ್ಯಂಟಿಬಯಾಟಿಕ್ ಒಂದರಿಂದಲೇ ಇದು ವಾಸಿಯಾಗದು, ಮೂತ್ರನಾಳದೊಳಗೆ ಡಿ.ಜೆ. ಸ್ಟೆಂಟ್ ಎಂಬ ತೆಳು ನಳಿಗೆ ಹಾಕಿ ಅಥವಾ ಬೆನ್ನಿನಿಂದ ಕಿಡ್ನಿಗೆ ನಳಿಗೆ ಇಳಿಸಿ ಕೀವನ್ನು ಹೊರತೆಗೆಯಲೇಬೇಕು. ಮೂತ್ರ ಪೂರ್ತಿ ನಿಂತವರು, ಒಂದೇ ಕಿಡ್ನಿಯವರು, ಎರಡೂ ಬದಿಯಲ್ಲಿ ಕಲ್ಲು ಸಿಕ್ಕಿಕೊಂಡವರು ಕೂಡ ಇದೇ ಸಾಲಿನವರು.

ಮನೆಗೆ ಕಳಿಸುವಾಗ

ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಕಾವಲಿ ಮುಂದೆ ನಿಲ್ಲುವವರಿಗೆ ಅದು ಮೂರು ಲೀಟರ್ ನೀರಿನಲ್ಲೂ ಸಾಧ್ಯವಾಗದಿರಬಹುದು, ಆದ್ದರಿಂದ ಲೋಟದ ಲೆಕ್ಕಕ್ಕಿಂತ ಮೂತ್ರದ ಬಣ್ಣ ನೋಡಲು ಹೇಳಿ: ತಿಳಿ ಹಳದಿ ಇರಬೇಕು. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ. ಹಾಲು ಮೊಸರು ಬಿಡಬೇಕಿಲ್ಲ. ಸುಣ್ಣದ ಅಂಶ (ಕ್ಯಾಲ್ಸಿಯಂ) ಕಲ್ಲಾಗುತ್ತದೆಂದು ಅವನ್ನು ಬಿಟ್ಟರೆ, ಊಟದಲ್ಲಿರುವ, ಕಲ್ಲು ಕಟ್ಟುವ ಆಕ್ಸಲೇಟ್ ಎಂಬ ಅಂಶ ಹೆಚ್ಚು ಹೀರಲ್ಪಟ್ಟು ಕಲ್ಲು ಹೆಚ್ಚುತ್ತದೆ. ಸಕ್ಕರೆ, ಉಪ್ಪು ಹೆಚ್ಚಾಗದ ನಿಂಬೆ ಪಾನಕ ಒಳ್ಳೆಯದು. ಬಾಳೆದಿಂಡಿನ ಪಲ್ಯ, ಹುರುಳಿ ಸಾರು ಎಂದು ಕೇಳುವವರನ್ನು ಗದರಬೇಡಿ, ಊಟವಾಗಿ ತಿನ್ನಲಿ, ಅದನ್ನೇ ನಂಬಿ ತಪಾಸಣೆ ತಪ್ಪಿಸದಿರಲಿ. ಬಿಯರ್ ಕುಡಿದರೆ ಕಲ್ಲು ಹೋಗುತ್ತದೆ ಎಂಬ ಮಾತಿಗೆ ಮಾತ್ರ ಸ್ಪಷ್ಟವಾಗಿ ಬೇಡ ಎನ್ನಿ, ಟ್ರಮಡಾಲ್ ಜೊತೆ ಅದು ಅಪಾಯ.

ನನ್ನ ದೊಡ್ಡ ಚಿಂತೆ ಡಿ.ಜೆ. ಸ್ಟೆಂಟ್ ಹಾಕಿಸಿಕೊಂಡವರದು. ಮೂತ್ರ ಮಾಡುವಾಗ ಬೆನ್ನಿನ ಬದಿಗೆ ಚುಚ್ಚಿದಂತಾಗುವುದು, ಪದೇ ಪದೇ ಹೋಗಬೇಕೆನಿಸುವುದು, ಸ್ವಲ್ಪ ಕೆಂಪು ಕಾಣುವುದು ಸಹಜ ಎಂದು ಮೊದಲೇ ಹೇಳಿ. ಆದರೆ ಒಳಗೆ ನಳಿಗೆ ಇದೆ, ಅದನ್ನು ತೆಗೆಯಲೇಬೇಕು ಎಂಬುದು ಅನೇಕರಿಗೆ ತಿಳಿದೇ ಇರುವುದಿಲ್ಲ. ನೋವು ಹೋಯಿತೆಂದು ರೈಲು ಹತ್ತಿ ಊರಿಗೆ ಹೋಗುತ್ತಾರೆ, ಬಿತ್ತನೆ, ಮದುವೆ, ಜಾತ್ರೆಗಳಲ್ಲಿ ತಿಂಗಳುಗಳು ಉರುಳುತ್ತವೆ. ಮರೆತ ಸ್ಟೆಂಟಿನ ಮೇಲೆಯೇ ಕಲ್ಲು ಕಟ್ಟಿ ಕಿಡ್ನಿ ಹಾಳಾಗುತ್ತದೆ. ಡಿಸ್ಚಾರ್ಜ್ ಕಾರ್ಡ್ ಇಂಗ್ಲಿಷಿನಲ್ಲಿರುತ್ತದೆ. ಅದರ ಹಿಂಬದಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: ಯಾವ ಬದಿಗೆ ಸ್ಟೆಂಟ್ ಇದೆ, ಹಾಕಿದ ದಿನ, ವೈದ್ಯರು ಹೇಳಿದ ತೆಗೆಸುವ ದಿನ, ಜ್ವರ ಬಂದರೆ ಅದೇ ದಿನ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂಬ ಸಾಲು. ರೋಗಿಯ ಮೊಬೈಲಿನಲ್ಲಿ ತೆಗೆಸುವ ದಿನಕ್ಕೆ ಅಲಾರಂ ಇಟ್ಟುಕೊಡಿ. ಮುಂಬೈಗೆ ಮರಳಲಾಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂತ್ರರೋಗ ತಜ್ಞರಿಗೆ ಇದೇ ಕಾರ್ಡ್ ತೋರಿಸಿ ತೆಗೆಸಿಕೊಳ್ಳಬಹುದು ಎಂದು, ಜೊತೆಗೆ ಬಂದವರೂ ಕೇಳುವಂತೆ, ಇನ್ನೊಮ್ಮೆ ಹೇಳಿ. ಕೊನೆಗೆ ಅವರ ಬಾಯಿಂದಲೇ ತೆಗೆಸುವ ದಿನಾಂಕವನ್ನು ಹೇಳಿಸಿದ ಮೇಲೆ ಸಹಿ ಹಾಕಿಸಿಕೊಳ್ಳಿ.